ಭಾರಕ್ಕೆ ಹೆದರಿದ ವೈದ್ಯರು, ಭಾರ ಎತ್ತಿದ ರೋಗಿಗಳು

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಶಿಕಾಗೊ ನಗರದ ಮಿಶಿಗನ್ ಸರೋವರದ ದಂಡೆಯಲ್ಲಿದ್ದ ಒಂದು ಭಾರೀ ಹೋಟೆಲು ಹೋಟೆಲಾಗಿ ಉಳಿದಿರಲಿಲ್ಲ. ಶಿಕಾಗೊ ಬೀಚ್ ಹೋಟೆಲ್ ಎಂದು ಹೆಸರಾಗಿದ್ದ ಆ ಕಟ್ಟಡವನ್ನು ಅಮೆರಿಕದ ಸೇನೆ ತೆಗೆದುಕೊಂಡು ಆಸ್ಪತ್ರೆ ಮಾಡಿತ್ತು. 1943ರಲ್ಲಿ ಅಲಾಸ್ಕಾದ ವಿಮಾನ ಅಪಘಾತದಲ್ಲಿ ಮಡಿದ ಸೇನಾ ದಾದಿ ರೂತ್ ಗಾರ್ಡಿನರ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಗಾರ್ಡಿನರ್ ಜನರಲ್ ಆಸ್ಪತ್ರೆಯ ವಾರ್ಡುಗಳ ತುಂಬ ಕಾಲು ಮುರಿದವರು, ಮಂಡಿ ಜಜ್ಜಿಹೋದವರು, ತಿಂಗಳುಗಟ್ಟಲೆ ಪ್ಲಾಸ್ಟರಿನೊಳಗಿದ್ದು ತೊಡೆ ಬಡಕಲಾದವರು. ಶಸ್ತ್ರಚಿಕಿತ್ಸೆ ಆಗಿತ್ತು, ಮೂಳೆ ಕೂಡಿತ್ತು. ಆದರೂ ಎದ್ದು ನಡೆಯಲು ಕಾಲಲ್ಲಿ ಕಸುವಿರಲಿಲ್ಲ. ಹಳಬರು ಮನೆಗೆ ಹೋಗದೆ ಮಂಚ ಖಾಲಿಯಾಗದು, ಮಂಚ ಖಾಲಿಯಾಗದೆ ಹೊಸ ಗಾಯಾಳುಗಳಿಗೆ ಜಾಗವಿಲ್ಲ.

ಅಂಥವರಿಗೆ ಆ ಕಾಲದ ವೈದ್ಯಶಾಸ್ತ್ರ ಕೊಡುತ್ತಿದ್ದದ್ದು ಹಗುರ ವ್ಯಾಯಾಮ. ಸೈಕಲ್ ತುಳಿಸುವುದು, ಮೆಟ್ಟಿಲು ಹತ್ತಿಸುವುದು, ಸಣ್ಣ ತೂಕವನ್ನು ಮತ್ತೆ ಮತ್ತೆ ಆಡಿಸುವುದು. ಸೋತ ಸ್ನಾಯುವಿಗೆ ದಣಿವಾಗಬಾರದು, ಅದನ್ನು ಮೆಲ್ಲಗೆ ಪುಸಲಾಯಿಸಬೇಕು ಎಂಬುದು ನಂಬಿಕೆ. ತಿಂಗಳುಗಳು ಉರುಳಿದರೂ ತೊಡೆ ಮಾತ್ರ ತುಂಬಿಕೊಳ್ಳುತ್ತಿರಲಿಲ್ಲ.

ಇದನ್ನು ಒಪ್ಪದ ಒಬ್ಬ ತರುಣ ವೈದ್ಯ ಆ ಆಸ್ಪತ್ರೆಯಲ್ಲಿದ್ದ. ಹೆಸರು ಥಾಮಸ್ ಡಿಲೋರ್ಮ್, 1917ರಲ್ಲಿ ಹುಟ್ಟಿದವನು, ಅಲಬಾಮಾ ಕಡೆಯವನು. ಅವನು ಒಪ್ಪದಿರುವುದಕ್ಕೆ ಕಾರಣ ಯಾವ ಗ್ರಂಥದಲ್ಲೂ ಇರಲಿಲ್ಲ, ಅವನ ಮೈಯಲ್ಲೇ ಇತ್ತು. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಹೃದಯಕ್ಕೆ ಪೆಟ್ಟು ಬಿದ್ದಿರಬಹುದು, ಇನ್ನು ಮೈ ದಣಿಸುವ ಕೆಲಸ ಬೇಡ ಎಂದು ವೈದ್ಯರು ಎಚ್ಚರಿಸಿದ್ದರು. ಹಾಸಿಗೆಯಲ್ಲಿ ಮಲಗಿದ್ದಾಗ ಅವನ ಕೈಗೆ 'ಸ್ಟ್ರೆಂತ್ ಅಂಡ್ ಹೆಲ್ತ್' ಎಂಬ ಪತ್ರಿಕೆ ಸಿಕ್ಕಿತು. ಭಾರ ಎತ್ತುವವರು ಭಾರ ಎತ್ತುವವರಿಗಾಗಿ ನಡೆಸುತ್ತಿದ್ದ ಪತ್ರಿಕೆ ಅದು. ಎದ್ದು ಓಡಾಡುವಂತಾದ ಮೇಲೆ ಹುಡುಗ ಗುಜರಿಯಿಂದ ರೈಲಿನ ಬಿಡಿಭಾಗಗಳನ್ನು ತಂದು ತನಗೊಂದು ಬಾರ್ಬೆಲ್ ಮಾಡಿಕೊಂಡ. ಬರಬರುತ್ತಾ ಗಟ್ಟಿಮುಟ್ಟಾದ ಆಳಾದ, ಸ್ಪರ್ಧೆಗಳಲ್ಲಿ ಭಾರ ಎತ್ತಿದ, ಆಮೇಲೆ ವೈದ್ಯನಾದ.

ಆ ಕಾಲದಲ್ಲಿ ಈ ತಿಳಿವಳಿಕೆ ವಿಶ್ವವಿದ್ಯಾಲಯದ ಒಳಗಿರಲಿಲ್ಲ, ಹೊರಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದಲ್ಲಿ ಅದು ನೆಲಮಾಳಿಗೆಯ ಜಿಮ್ಮುಗಳಲ್ಲಿತ್ತು. ನಮ್ಮಲ್ಲಿ ಗರಡಿಮನೆಗಳಲ್ಲಿತ್ತು. 'ಶಾಂತಲಾ' ಕಾದಂಬರಿಯ ಕರ್ತೃವೆಂದು ನಾವು ಬಲ್ಲ ಕೆ.ವಿ. ಅಯ್ಯರ್ ಆಗಲೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಶಿಯಂ ನಡೆಸುತ್ತಾ ಬಾರ್ಬೆಲ್ಲನ್ನೂ ಆಸನಗಳನ್ನೂ ಜೊತೆಜೊತೆಗೆ ಕಲಿಸುತ್ತಿದ್ದರು, ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ಇಂಥವರಿಗೆ ಅನುಭವದಿಂದ ಗೊತ್ತಿದ್ದ ವಿಷಯವನ್ನು ಅಳೆದು ತೂಗಿ, ರೋಗಿಯ ಚೀಟಿಯಲ್ಲಿ ಬರೆಯುವ ಹಾಗೆ ಮಾಡಿದವರು ಮಾತ್ರ ಇರಲಿಲ್ಲ. ಡಿಲೋರ್ಮ್ ಆ ಕೆಲಸಕ್ಕೆ ಕೈಹಾಕಿದ.

ಅವನು ರೋಗಿಯ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕದ ಬಿಲ್ಲೆಗಳನ್ನು ಸೇರಿಸಿ, ಮೇಜಿನ ಅಂಚಿನಲ್ಲಿ ಕೂರಿಸಿ ಮಂಡಿ ನೇರ ಮಾಡಿಸುತ್ತಿದ್ದ. ಎಷ್ಟು ತೂಕ ಎಂಬುದಕ್ಕೆ ಅವನು ಕಂಡುಕೊಂಡ ಅಳತೆ ಬಹಳ ಸರಳ. ಯಾವ ತೂಕವನ್ನು ಹತ್ತು ಸಲ ಎತ್ತಬಹುದೋ, ಹನ್ನೊಂದನೆಯ ಸಲ ಎತ್ತಲಾಗದೋ, ಅದೇ ಆ ರೋಗಿಯ ತೂಕ. ವಾರಕ್ಕೊಮ್ಮೆ ಅಳೆದು ತೂಕ ಏರಿಸಬೇಕು. ಕಸುವಿಗೆ ಭಾರ ಹೆಚ್ಚು, ಸಲ ಕಡಿಮೆ; ತಾಳಿಕೆಗೆ ಭಾರ ಕಡಿಮೆ, ಸಲ ಹೆಚ್ಚು. ಇವೆರಡೂ ಬೇರೆ ಬೇರೆ ಗುಣಗಳು, ಒಂದನ್ನು ಮಾಡಿಸಿ ಇನ್ನೊಂದು ಬರಲಿ ಎಂದು ಕಾಯಬಾರದು ಎಂಬುದು ಅವನ ವಾದ. ಇದರ ಫಲ ಹಳೆಯ ಪದ್ಧತಿಗಿಂತ ಎಷ್ಟು ಮೇಲಾಗಿತ್ತೆಂದರೆ ಸೇನೆಯ ಬೇರೆ ಆಸ್ಪತ್ರೆಗಳೂ ಬೇಗನೆ ಅದನ್ನೇ ಹಿಡಿದವು. 1945ರಲ್ಲಿ ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸೆಯ ಪ್ರಮುಖ ಪತ್ರಿಕೆಯೊಂದರಲ್ಲಿ ಡಿಲೋರ್ಮ್‌ನ ಪ್ರಬಂಧ ಅಚ್ಚಾಯಿತು. ಯುದ್ಧ ಮುಗಿದ ಮೇಲೆ ಅವನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಸೇರಿ, ಆರ್ಥರ್ ವಾಟ್ಕಿನ್ಸ್ ಎಂಬ ಹಿರಿಯ ವೈದ್ಯರೊಡನೆ ಪೋಲಿಯೋ ಪೀಡಿತರ ಕಾಲಿಗೂ ಇದೇ ಚಿಕಿತ್ಸೆ ಕೊಟ್ಟು ನೋಡಿದ. ಮೊದಲು ದಿನಕ್ಕೆ ಏಳರಿಂದ ಹತ್ತು ಸುತ್ತು ಮಾಡಿಸುತ್ತಿದ್ದವನು 1948ರ ಹೊತ್ತಿಗೆ ಮೂರೇ ಸುತ್ತು ಸಾಕು ಎಂದು ಕಂಡುಕೊಂಡ. ಮೊದಲ ಸುತ್ತಿಗೆ ಅರ್ಧ ತೂಕ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ಪ್ರತಿ ಸುತ್ತಿನಲ್ಲೂ ಹತ್ತು ಸಲ. ಇವತ್ತು ಯಾವ ಊರಿನ ಜಿಮ್ಮಿಗೆ ಹೋದರೂ ತರಬೇತುದಾರ ಮೊದಲ ದಿನ ಹೇಳುವ 'ಮೂರು ಸೆಟ್, ಹತ್ತು ಹತ್ತು' ಎಂಬ ಲೆಕ್ಕದ ಬೇರು ಇಲ್ಲಿದೆ. ಡಿಲೋರ್ಮ್ ಹೆಸರು ಮಾತ್ರ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಭಯ ಗಟ್ಟಿಯಾಗಿ ಬೇರೂರಿತ್ತು. ಭಾರ ಎತ್ತಿದರೆ ಮೈ ಬಿಗಿದುಕೊಳ್ಳುತ್ತದೆ, ಚುರುಕು ಹೋಗುತ್ತದೆ, ಕೈ ಬೆನ್ನಿಗೆ ತಲಪುವುದಿಲ್ಲ ಎಂದು ಕ್ರೀಡಾ ತರಬೇತುದಾರರೂ ದೈಹಿಕ ಶಿಕ್ಷಣದ ಪ್ರಾಧ್ಯಾಪಕರೂ ಒಕ್ಕೊರಲಿನಿಂದ ಹೇಳುತ್ತಿದ್ದರು. ಓಟಗಾರ, ಈಜುಗಾರ, ಬೇಸ್‌ಬಾಲ್ ಆಟಗಾರ ಯಾರೂ ಬಾರ್ಬೆಲ್ ಮುಟ್ಟುವಂತಿರಲಿಲ್ಲ. ಹೀಗೆ ಹೇಳುತ್ತಿದ್ದವರಲ್ಲಿ ರಷ್ಯಾದಿಂದ ಬಂದು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ನೆಲೆಸಿದ್ದ ಶರೀರಶಾಸ್ತ್ರಜ್ಞ ಪೀಟರ್ ಕಾರ್ಪೋವಿಚ್ ಕೂಡ ಒಬ್ಬರು. 1940ರಲ್ಲಿ ಬಾಬ್ ಹಾಫ್‌ಮನ್ ಎಂಬ ಬಾರ್ಬೆಲ್ ತಯಾರಕ ತನ್ನ ಪೈಲ್ವಾನರನ್ನು ಕರೆದುಕೊಂಡು ಆ ಕಾಲೇಜಿಗೆ ಪ್ರದರ್ಶನಕ್ಕೆ ಬಂದ. ಅವರಲ್ಲಿ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿದ್ದ ಜಾನ್ ಗ್ರಿಮೆಕ್ ಇದ್ದ. ಪ್ರದರ್ಶನ ಮುಗಿದ ಮೇಲೆ ಸಭೆಯಿಂದ ಕಾರ್ಪೋವಿಚ್ ಎದ್ದು, ಗ್ರಿಮೆಕ್ ತನ್ನ ಬೆನ್ನಿನ ನಡುಭಾಗವನ್ನು ಕೆರೆದುಕೊಂಡು ತೋರಿಸಬಹುದೇ ಎಂದು ಕೇಳಿದರು. ಗ್ರಿಮೆಕ್ ಸಲೀಸಾಗಿ ಕೆರೆದುಕೊಂಡ. ಅಷ್ಟಕ್ಕೆ ನಿಲ್ಲಿಸದೆ, ಮಂಡಿ ಬಗ್ಗಿಸದೆ ಮೊಣಕೈಯನ್ನು ನೆಲಕ್ಕೆ ಮುಟ್ಟಿಸಿದ, ಎರಡೂ ಕಾಲು ಚಾಚಿ ನೆಲಕ್ಕೆ ಕೂತ.

ನನಗೆ ಈ ಪ್ರಸಂಗದಲ್ಲಿ ಗ್ರಿಮೆಕ್‌ಗಿಂತ ಕಾರ್ಪೋವಿಚ್ ದೊಡ್ಡವರಾಗಿ ಕಾಣುತ್ತಾರೆ. ನೂರಾರು ಜನರೆದುರು ತಮ್ಮ ಮಾತು ಸುಳ್ಳಾದಾಗ ಅವರು ಮುನಿಸಿಕೊಳ್ಳಲಿಲ್ಲ, ಪ್ರಯೋಗಶಾಲೆಗೆ ಹೋದರು. ವಿಲಿಯಂ ಝೋರ್ಬಾಸ್ ಎಂಬ ವಿದ್ಯಾರ್ಥಿಯೊಡನೆ ಸೇರಿ, ಕೈಯಿಂದ ಹಿಡಿಯನ್ನು ಗಿರಗಿರನೆ ತಿರುಗಿಸುವ ವೇಗ ಅಳೆಯುವ ಯಂತ್ರ ಮಾಡಿಕೊಂಡು, ಭಾರ ಎತ್ತುವ 300 ಮಂದಿಯನ್ನೂ ಎತ್ತದ 300 ಮಂದಿಯನ್ನೂ ಪರೀಕ್ಷಿಸಿದರು. ಎತ್ತುವವರು ನಿಧಾನವಾಗಿರುತ್ತಾರೆ ಎಂಬ ಎಣಿಕೆ ತಲೆಕೆಳಗಾಯಿತು. ಅವರೇ ವೇಗವಾಗಿದ್ದರು. 1951ರಲ್ಲಿ ಆ ಫಲಿತಾಂಶವನ್ನು ಕಾರ್ಪೋವಿಚ್ ಝೋರ್ಬಾಸ್ ಹೆಸರಿನ ಜೊತೆಗೆ ತಮ್ಮ ಹೆಸರನ್ನೂ ಹಾಕಿ ಪ್ರಕಟಿಸಿದರು.

ಇಷ್ಟಾದ ಮೇಲೆ ವೈದ್ಯಲೋಕ ಭಾರಕ್ಕೆ ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ. ಮುರಿದ ಕಾಲಿಗೆ ಡಿಲೋರ್ಮ್ ಸರಿ, ಆಟಗಾರನಿಗೆ ಬಾರ್ಬೆಲ್ ಸರಿ, ಆದರೆ ಸಾಧಾರಣ ಮನುಷ್ಯನ ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ ಎಂಬ ಮನೋಭಾವ ಇನ್ನೂ ಮೂರು ದಶಕ ಉಳಿಯಿತು. ಅದಕ್ಕೆ ಕಾರಣಗಳಿದ್ದವು. ಆ ದಶಕಗಳಲ್ಲಿ ಪಶ್ಚಿಮದ ದೇಶಗಳನ್ನು ಕಾಡಿದ ದೊಡ್ಡ ಕಾಯಿಲೆ ಹೃದಯಾಘಾತ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ ಎಂದು ಜೆರೆಮಿ ಮಾರಿಸ್ 1953ರಲ್ಲೇ ತೋರಿಸಿದ್ದರು. 1968ರಲ್ಲಿ ಕೆನೆತ್ ಕೂಪರ್ ಬರೆದ 'ಏರೋಬಿಕ್ಸ್' ಪುಸ್ತಕ ಲಕ್ಷಾಂತರ ಜನರನ್ನು ಓಟಕ್ಕೆ ಹಚ್ಚಿತು. ವ್ಯಾಯಾಮವೆಂದರೆ ಎದೆಬಡಿತ ಏರಿಸುವ ಓಟ, ಈಜು, ನಡಿಗೆ. ಭಾರ ಎತ್ತುವುದು ಮೈಕಟ್ಟಿನ ಶೋಕಿ ಎಂಬ ಎಣಿಕೆ ನೆಲೆಗೊಂಡಿತು. ಅಮೆರಿಕದ ಕ್ರೀಡಾ ವೈದ್ಯ ಕಾಲೇಜು 1978ರಲ್ಲಿ ಆರೋಗ್ಯವಂತ ವಯಸ್ಕರ ವ್ಯಾಯಾಮಕ್ಕೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಭಾರ ಎತ್ತುವ ಶಿಫಾರಸೇ ಇರಲಿಲ್ಲ.

ಎರಡನೆಯ ಕಾರಣ ರಕ್ತದೊತ್ತಡ. ಇದು ಬರೀ ಕಲ್ಪನೆಯಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡಂಕನ್ ಮೆಕ್‌ಡೂಗಲ್ ಮತ್ತು ಸಂಗಡಿಗರು ಕಟ್ಟುಮಸ್ತಾದ ಐದು ಮಂದಿಯ ತೋಳಿನ ಅಪಧಮನಿಗೆ ನೇರವಾಗಿ ನಳಿಕೆ ತೂರಿಸಿ, ಅವರು ಕಾಲಿನಿಂದ ಭಾರಿ ತೂಕ ಒತ್ತುವಾಗ ಒಳಗಿನ ಒತ್ತಡ ಅಳೆದರು. 1985ರಲ್ಲಿ ಪ್ರಕಟವಾದ ಆ ಅಂಕಿಗಳು ಈಗಲೂ ಬೆಚ್ಚಿಬೀಳಿಸುತ್ತವೆ. ಸರಾಸರಿ 320/250. ಒಬ್ಬನಲ್ಲಿ ಅದು 480/350ನ್ನೂ ದಾಟಿತ್ತು. ಉಸಿರು ಕಟ್ಟಿ ತಿಣುಕಿದಾಗ ಎದೆಗೂಡಿನೊಳಗೆ ಒತ್ತಡ ಏರುತ್ತದೆ, ಬಿಗಿದ ಸ್ನಾಯು ರಕ್ತನಾಳಗಳನ್ನು ಹಿಸುಕುತ್ತದೆ, ಎರಡೂ ಸೇರಿ ಕ್ಷಣಕಾಲ ಹೀಗಾಗುತ್ತದೆ. ಹೃದ್ರೋಗಿಗೆ ಬಕೆಟ್ ಎತ್ತಬೇಡ ಎಂದ ವೈದ್ಯರನ್ನು ಈ ಅಂಕಿ ನೋಡಿದ ಮೇಲೆ ಮೂಢರೆಂದು ಕರೆಯಲಾಗದು. ಅವರ ಲೆಕ್ಕದಲ್ಲಿ ಬಿಟ್ಟುಹೋದದ್ದು ಬೇರೆ. ಉಸಿರು ಕಟ್ಟದೆ, ಹದವಾದ ತೂಕವನ್ನು ಎತ್ತಿ ಕಾಲಕ್ರಮದಲ್ಲಿ ಬಲ ಬೆಳೆದವನಿಗೆ ಅದೇ ಬಕೆಟ್ ಹಗುರವಾಗುತ್ತದೆ. ಬಕೆಟ್ ಹಗುರವಾದಷ್ಟೂ ಅದನ್ನು ಎತ್ತುವಾಗ ಏರುವ ಒತ್ತಡವೂ ಇಳಿಯುತ್ತದೆ. ಎಂದೂ ಎತ್ತದವನು ಒಂದು ದಿನ ಅನಿವಾರ್ಯವಾಗಿ ಎತ್ತಿದಾಗಲೇ ಅಪಾಯ ಹೆಚ್ಚು.

ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಿಂದ ಇದಕ್ಕೆ ಪರೋಕ್ಷ ಸಾಕ್ಷಿಯೊಂದು ಬಂತು. ರಾಲ್ಫ್ ಪಾಫೆನ್‌ಬಾರ್ಗರ್ ಅಲ್ಲಿ ಹಡಗಿಗೆ ಸರಕು ಹೇರುವ, ಇಳಿಸುವ 6,351 ಕೂಲಿಕಾರರನ್ನು 22 ವರ್ಷ ಹಿಂಬಾಲಿಸಿ 1975ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರದ ಕೆಲಸ ಮಾಡುವವರಲ್ಲಿ ಹೃದಯಾಘಾತದ ಸಾವು ಹಗುರ ಕೆಲಸದವರದರ ಹೆಚ್ಚುಕಡಿಮೆ ಅರ್ಧದಷ್ಟೇ ಇತ್ತು. ದುಡಿಮೆ ಬೇರೆ, ವ್ಯಾಯಾಮ ಬೇರೆ ಎಂಬುದು ನಿಜ. ಆದರೂ ಭಾರ ಹೊರುವುದೇ ಹೃದಯವನ್ನು ಕೊಲ್ಲುತ್ತದೆ ಎಂಬ ಮಾತಿಗೆ ಆ ಬಂದರು ಉತ್ತರ ಕೊಟ್ಟಿತ್ತು.

ಕಥೆ ನಿಜಕ್ಕೂ ತಿರುಗಿದ್ದು ಮತ್ತೆ ಬಾಸ್ಟನ್ನಿನಲ್ಲಿ, 1980ರ ದಶಕದ ಕೊನೆಗೆ. ಅಲ್ಲಿನ ಟಫ್ಟ್ಸ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಮುಪ್ಪು ಮತ್ತು ಪೋಷಣೆಯ ಅಧ್ಯಯನಕ್ಕೆಂದು ಸರ್ಕಾರಿ ಸಂಶೋಧನಾ ಕೇಂದ್ರವಿತ್ತು. ಮುಪ್ಪಿನಲ್ಲಿ ಸ್ನಾಯು ಕರಗುವುದು ನೆರೆಗೂದಲಿನಷ್ಟೇ ಸಹಜ, ಅದಕ್ಕೆ ಮಾಡುವುದೇನೂ ಇಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ಆ ಕೇಂದ್ರದ ನಿರ್ದೇಶಕ ಇರ್ವಿನ್ ರೋಸೆನ್‌ಬರ್ಗ್ 1988ರಲ್ಲಿ ಈ ಕರಗುವಿಕೆಗೆ 'ಸಾರ್ಕೋಪೀನಿಯಾ' ಎಂಬ ಹೆಸರು ಸೂಚಿಸಿದರು; ಹೆಸರಿಲ್ಲದ ಕಾಯಿಲೆಗೆ ಸಂಶೋಧನೆಯ ಹಣವೂ ಸಿಗದು, ವೈದ್ಯರ ಗಮನವೂ ಸಿಗದು ಎಂದು ಅವರು ಅರಿತಿದ್ದರು. ಅದೇ ವರ್ಷ ವಾಲ್ಟರ್ ಫ್ರಾಂಟೆರಾ, ವಿಲಿಯಂ ಇವಾನ್ಸ್ ಮುಂತಾದವರು 60ರಿಂದ 72 ವರ್ಷದ ಹನ್ನೆರಡು ಗಂಡಸರಿಗೆ ಹನ್ನೆರಡು ವಾರ ನಿಜವಾದ ಭಾರ ಎತ್ತಿಸಿದ ಫಲಿತಾಂಶ ಪ್ರಕಟಿಸಿದರು. ನಿಜವಾದ ಭಾರ ಎಂದರೆ ಒಬ್ಬ ಮನುಷ್ಯ ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ತೂಕದ ಶೇ 80. ಮಂಡಿ ಚಾಚುವ ಬಲ ಇಮ್ಮಡಿಯನ್ನು ಮೀರಿತು. ಸಿ.ಟಿ. ಸ್ಕ್ಯಾನಿನಲ್ಲಿ ತೊಡೆಯ ಸ್ನಾಯು ಶೇ 11ರಷ್ಟು ದಪ್ಪವಾಗಿತ್ತು.

ಅರವತ್ತರವರಾದರೆ ಆದೀತು, ತೊಂಬತ್ತರವರು? ಈ ಪ್ರಶ್ನೆ ಹಾಕಿಕೊಂಡವರು ಮರಿಯಾ ಫಿಯಾಟರೋನ್ ಎಂಬ ವೃದ್ಧರೋಗ ತಜ್ಞೆ. ಬಾಸ್ಟನ್ನಿನ ಹೀಬ್ರೂ ರಿಹ್ಯಾಬಿಲಿಟೇಶನ್ ಸೆಂಟರ್ ಎಂಬ ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ಹತ್ತು ಮಂದಿ ಒಪ್ಪಿ ಮುಂದೆ ಬಂದರು. ಸರಾಸರಿ ವಯಸ್ಸು 90. ಊರುಗೋಲು, ವಾಕರ್ ಹಿಡಿದು ನಡೆಯುವವರು, ಹಿಂದೆ ಬಿದ್ದು ಪೆಟ್ಟು ಮಾಡಿಕೊಂಡವರು, ಕೀಲುನೋವು, ಹೃದಯದ ತೊಂದರೆ ಇದ್ದವರು. ಮನೆಯಲ್ಲಿ ಇಂಥ ಹಿರಿಯರಿರುವ ಯಾರಿಗಾದರೂ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಇವರಿಗೆ ಯಾರೂ ಕುರ್ಚಿಯ ಮೇಲೆ ಕೂತು ಕೈ ಬೀಸುವ ಆಟ ಆಡಿಸಲಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಸುತ್ತು, ಸುತ್ತಿಗೆ ಎಂಟು ಸಲ, ಗರಿಷ್ಠದ ಶೇ 80ರಷ್ಟು ತೂಕದೊಡನೆ ಮಂಡಿ ಚಾಚಿಸಿದರು. ಹುರಿಯಾಳುಗಳಿಗೆ ಕೊಡುವಂಥದೇ ಪ್ರಮಾಣ. ಕಟ್ಟಿದ ತೂಕ ಮಾತ್ರ ಅವರವರ ಶಕ್ತಿಗೆ ತಕ್ಕದ್ದು, ಬಲ ಏರಿದಂತೆ ಏರಿಸುತ್ತಾ ಹೋದದ್ದು.

ಎಂಟು ವಾರದ ಕೊನೆಗೆ ಒಂಬತ್ತು ಮಂದಿ ಉಳಿದಿದ್ದರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು, ಅಂದರೆ ಮೊದಲಿನ ಎರಡೂಮುಕ್ಕಾಲು ಪಟ್ಟು ಆಗಿತ್ತು. ತೊಡೆಯ ಸ್ನಾಯು ಶೇ 9ರಷ್ಟು ಬೆಳೆದಿತ್ತು. ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆಯಿಟ್ಟು ನೇರ ಗೆರೆಯಲ್ಲಿ ನಡೆಯುವ ವೇಗ ಶೇ 48ರಷ್ಟು ಸುಧಾರಿಸಿತ್ತು. ಇಬ್ಬರು ಊರುಗೋಲು ಬಿಟ್ಟರು. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಎದ್ದು ನಿಂತರು.

1990ರ ಜೂನ್ ತಿಂಗಳಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬಂದ ಈ ಪುಟ್ಟ ಪ್ರಬಂಧವನ್ನು ಮುಪ್ಪಿನ ವೈದ್ಯಶಾಸ್ತ್ರದ ಅತ್ಯಂತ ಕರುಣಾಳು ಪ್ರಬಂಧಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ಬರೀ ಹತ್ತು ಜನ, ಹೋಲಿಸಲು ಇನ್ನೊಂದು ಗುಂಪಿಲ್ಲ ಎಂಬ ಟೀಕೆ ನ್ಯಾಯವೇ. ಆದರೆ ಸಾಧ್ಯವೇ ಇಲ್ಲ ಎಂದು ಲೋಕ ಹೇಳುತ್ತಿದ್ದಾಗ ಸಾಧ್ಯ ಎಂದು ತೋರಿಸಲು ಹತ್ತು ಜನ ಸಾಕು. ಅದರಲ್ಲಿ ಇನ್ನೊಂದು ಅಂಕಿಯೂ ಇದೆ, ಎಲ್ಲರೂ ಮರೆತುಬಿಡುವಂಥದು. ತರಬೇತಿ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಆ ಹಿರಿಯರು ಬಲದ ಶೇ 32ರಷ್ಟನ್ನು ಕಳೆದುಕೊಂಡರು. ಇದು ಒಂದು ಸಲ ನುಂಗಿ ಮುಗಿಸುವ ಔಷಧವಲ್ಲ.

ಸ್ನಾಯು ಶೇ 9 ಬೆಳೆದು ಬಲ ಶೇ 174 ಹೇಗೆ ಏರಿತು ಎಂಬ ಅನುಮಾನ ಓದುಗರಿಗೆ ಬಂದಿರಬಹುದು. ಅದಕ್ಕೆ ಉತ್ತರ ಹತ್ತು ವರ್ಷ ಮೊದಲೇ ಸಿದ್ಧವಾಗಿತ್ತು. ತೋಶಿಯೋ ಮೋರಿತಾನಿ ಮತ್ತು ಹರ್ಬರ್ಟ್ ಡಿವ್ರೀಸ್ 1979, 1980ರಲ್ಲಿ ಸ್ನಾಯುವಿನ ವಿದ್ಯುತ್ ಸಂಕೇತಗಳನ್ನು ಅಳೆದು, ಮೊದಲ ವಾರಗಳ ಬಲವೃದ್ಧಿ ಬರುವುದು ನರಗಳಿಂದ ಎಂದು ತೋರಿಸಿದ್ದರು. ಬಹುಕಾಲ ಬಳಸದ ಸ್ನಾಯುವಿನಲ್ಲಿ ಎಷ್ಟೋ ಎಳೆಗಳು ಇದ್ದೂ ಇಲ್ಲದಂತೆ ಬಿದ್ದಿರುತ್ತವೆ. ಭಾರ ಬಿದ್ದಾಗ ಬೆನ್ನುಹುರಿಯ ನರಗಳು ಅವನ್ನೂ ಕೆಲಸಕ್ಕೆ ಎಳೆದುಕೊಳ್ಳುತ್ತವೆ, ಒಟ್ಟಿಗೆ ಎಳೆಯಲು ಕಲಿಸುತ್ತವೆ. ಸ್ನಾಯು ದಪ್ಪವಾಗುವುದು ಆಮೇಲೆ. ಬಳಕೆ ಕಡಿಮೆಯಾದಷ್ಟೂ ಮರಳಿ ಪಡೆಯುವುದಕ್ಕೆ ಉಳಿದಿರುವುದು ಹೆಚ್ಚು. ಅದಕ್ಕೇ ಎಲ್ಲರಿಗಿಂತ ಸೋತವರೇ ಎಲ್ಲರಿಗಿಂತ ಹೆಚ್ಚು ಗಳಿಸಿದರು.

ಫಿಯಾಟರೋನ್ ಅಲ್ಲಿಗೆ ಬಿಡಲಿಲ್ಲ. ಅದೇ ಆಶ್ರಮದಲ್ಲಿ 72ರಿಂದ 98 ವರ್ಷದ ನೂರು ಮಂದಿಯನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವರಿಗೆ ಭಾರದ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲದಂತೆ ಹತ್ತು ವಾರ ನಡೆಸಿದರು. 1994ರಲ್ಲಿ ಫಲಿತಾಂಶ ಬಂತು. ವ್ಯಾಯಾಮ ಮಾಡಿದವರ ಬಲ ಶೇ 113 ಏರಿತ್ತು, ಮಾಡದವರದು ಶೇ 3. ನಡಿಗೆ ಚುರುಕಾಗಿತ್ತು, ಮೆಟ್ಟಿಲು ಹತ್ತುವ ಶಕ್ತಿ ಶೇ 28ರಷ್ಟು ಹೆಚ್ಚಿತ್ತು. ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪೇಯ ಕುಡಿದವರಲ್ಲಿ ಬಲವೂ ಹೆಚ್ಚಲಿಲ್ಲ, ನಡಿಗೆಯೂ ಸುಧಾರಿಸಲಿಲ್ಲ. ವಯಸ್ಸಾದವರಿಗೆ ಶಕ್ತಿ ಬರಲೆಂದು ಡಬ್ಬಿಗಟ್ಟಲೆ ಪುಡಿ ತಂದು ಹಾಲಿಗೆ ಬೆರೆಸಿ ಕೊಡುವ ನಮ್ಮ ಮನೆಗಳಲ್ಲಿ ಈ ಒಂದು ಸಾಲು ತಿಳಿದಿರಬೇಕು.

ಆಮೇಲಿನ ವರ್ಷಗಳಲ್ಲಿ 'ಭಾರ ಎತ್ತಬೇಡಿ' ಎಂದು ಯಾರಿಗೆಲ್ಲ ಹೇಳುತ್ತಿದ್ದರೋ ಅವರನ್ನೇ ಒಬ್ಬೊಬ್ಬರಾಗಿ ಪ್ರಯೋಗಕ್ಕೆ ಕರೆದರು. ಮುಟ್ಟು ನಿಂತ ಹೆಂಗಸರ ಮೂಳೆ ಸವೆಯುತ್ತದೆ, ಭಾರ ಎತ್ತಿದರೆ ಮುರಿಯುತ್ತದೆ ಎಂಬ ಹೆದರಿಕೆಯನ್ನು ಟಫ್ಟ್ಸ್‌ನ ಮಿರಿಯಂ ನೆಲ್ಸನ್ ಪರೀಕ್ಷಿಸಿದರು. 50ರಿಂದ 70 ವರ್ಷದ ಹೆಂಗಸರು ವಾರಕ್ಕೆ ಎರಡೇ ದಿನದಂತೆ ಒಂದು ವರ್ಷ ಭಾರ ಎತ್ತಿದಾಗ, 1994ರ ವರದಿಯ ಪ್ರಕಾರ ಸೊಂಟದ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ಸುಮಾರು ಶೇ 1 ಹೆಚ್ಚಿತು. ಎತ್ತದವರಲ್ಲಿ ಅದು ಸುಮಾರು ಶೇ 2ರಷ್ಟು ಇಳಿದಿತ್ತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಬೆಲಿಂಡಾ ಬೆಕ್ ಅವರ ತಂಡ ಇನ್ನೂ ಧೈರ್ಯ ಮಾಡಿತು. ಆಗಲೇ ಮೂಳೆ ಸವೆದಿದ್ದ 101 ಹೆಂಗಸರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರಿಗೆ, ನೆಲದಿಂದ ಬಾರ್ಬೆಲ್ ಎತ್ತುವ, ಹೆಗಲ ಮೇಲಿಟ್ಟು ಕೂತೇಳುವ, ತಲೆಯ ಮೇಲಕ್ಕೆ ಒತ್ತುವ ಕಸರತ್ತುಗಳನ್ನೇ ಮಾಡಿಸಿತು. ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ 2.9 ಏರಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ 1.2 ಇಳಿಯಿತು. ಯಾರ ಮೂಳೆಯೂ ಮುರಿಯಲಿಲ್ಲ.

ಸ್ತನ ಕ್ಯಾನ್ಸರ್ ಗೆದ್ದು ಬಂದವರ ಕಥೆ ಇನ್ನೂ ಮನಕಲಕುವಂಥದು. ಕಂಕುಳಿನ ದುಗ್ಧಗ್ರಂಥಿ ತೆಗೆದ ಮೇಲೆ ಕೈ ಬಾತುಕೊಳ್ಳುತ್ತದೆಂದು, ಆ ಕೈಯಲ್ಲಿ ಮಗುವನ್ನೂ ಎತ್ತಬಾರದು, ತರಕಾರಿ ಚೀಲವನ್ನೂ ಹಿಡಿಯಬಾರದು ಎಂದು ಅವರಿಗೆ ಜೀವಮಾನದ ನಿಷೇಧ ಹಾಕುತ್ತಿದ್ದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಥ್ರಿನ್ ಶ್ಮಿಟ್ಸ್ ಹಾಗೆ ಕೈ ಬಾತಿದ್ದ 141 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಮೆಲ್ಲಮೆಲ್ಲನೆ ತೂಕ ಏರಿಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಬಾವು ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ಶೇ 14, ಎತ್ತದವರಲ್ಲಿ ಶೇ 29. ಎಷ್ಟು ತಾಯಂದಿರು ಆ ನಿಷೇಧವನ್ನು ನಂಬಿ ಮಕ್ಕಳನ್ನು ಎತ್ತದೆ ಉಳಿದರೋ!

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದರೆ ಈ ಚರಿತ್ರೆ ನಮ್ಮ ಮನೆಬಾಗಿಲಿಗೇ ಬರುತ್ತದೆ. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಗೆ ದೇಹದ ದೊಡ್ಡ ಕಣಜ ಸ್ನಾಯುವೇ. ಕಣಜ ಚಿಕ್ಕದಾದಂತೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಭಾರತೀಯರ ಮೈ ತೆಳ್ಳಗೆ ಕಂಡರೂ ಅದರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬುದನ್ನು ಪುಣೆಯ ಸಂಶೋಧಕರು ಬಹಳ ಹಿಂದೆಯೇ ತೋರಿಸಿದ್ದಾರೆ. 2002ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಡನ್‌ಸ್ಟನ್ ವಯಸ್ಸಾದ ಮಧುಮೇಹಿಗಳಲ್ಲಿ, ತೂಕ ಇಳಿಸುವ ಆಹಾರದ ಜೊತೆ ಆರು ತಿಂಗಳು ಭಾರ ಎತ್ತಿದವರ ಎಚ್‌ಬಿಎ1ಸಿ ಎಂಬ ಸಕ್ಕರೆಯ ಅಳತೆ 1.2 ಅಂಶ ಇಳಿಯಿತೆಂದೂ, ಬರೀ ಆಹಾರದಲ್ಲಿ ಕಟ್ಟುನಿಟ್ಟು ಮಾಡಿದವರದು 0.4 ಇಳಿಯಿತೆಂದೂ ವರದಿ ಮಾಡಿದರು. 2008ರಲ್ಲಿ ದೆಹಲಿಯ ಅನೂಪ್ ಮಿಶ್ರಾ ಅವರ ತಂಡ 30 ಮಂದಿ ಭಾರತೀಯ ಮಧುಮೇಹಿಗಳಿಗೆ ಹನ್ನೆರಡು ವಾರ ಭಾರದ ವ್ಯಾಯಾಮ ಮಾಡಿಸಿ, ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಸುಧಾರಿಸಿದ್ದನ್ನೂ ಸಕ್ಕರೆ ಇಳಿದದ್ದನ್ನೂ ದಾಖಲಿಸಿತು. ಮಧುಮೇಹಿಗೆ ನಮ್ಮಲ್ಲಿ ಇವತ್ತಿಗೂ ಸಿಗುವ ಸಲಹೆ ಮಾತ್ರ 'ವಾಕಿಂಗ್ ಮಾಡಿ' ಎಂಬ ಎರಡು ಮಾತು. ವಾಕಿಂಗ್ ಬಹಳ ಒಳ್ಳೆಯದು. ಆದರೆ ಅದೊಂದೇ ಸಾಲದು ಎನ್ನಲು ಸಾಕಷ್ಟು ಪುರಾವೆ ಸೇರಿದೆ.

ಸಂಸ್ಥೆಗಳು ನಿಧಾನವಾಗಿ ಹಿಂದೆ ಬಂದವು. 1978ರಲ್ಲಿ ಭಾರದ ಹೆಸರೆತ್ತದ ಕ್ರೀಡಾ ವೈದ್ಯ ಕಾಲೇಜು 1990ರಲ್ಲಿ ಅದನ್ನು ಸೇರಿಸಿಕೊಂಡಿತು. 2000ದಲ್ಲಿ ಅಮೆರಿಕದ ಹೃದಯ ಸಂಘ, ಸ್ಥಿರವಾಗಿರುವ ಹೃದ್ರೋಗಿಗಳೂ ವೈದ್ಯರ ನಿಗಾದಲ್ಲಿ ಹದವಾದ ಭಾರ ಎತ್ತಬಹುದೆಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೂ ಮತ್ತೆ 2020ರಲ್ಲೂ ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದಿತು.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲಿದೆ. ಪ್ಯೂರ್ ಎಂಬ ಹೆಸರಿನ ಆ ಅಧ್ಯಯನ 17 ದೇಶಗಳ 1,39,691 ಜನರ ಕೈಹಿಡಿತದ ಬಲವನ್ನು ಅಳೆದು ಸುಮಾರು ನಾಲ್ಕು ವರ್ಷ ಹಿಂಬಾಲಿಸಿತು. ಭಾರತದ ಭಾಗದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಕೈಜೋಡಿಸಿತ್ತು. ಹಿಡಿತ ಐದು ಕೆ.ಜಿ. ಕಡಿಮೆಯಾದಂತೆ ಸಾವಿನ ಸಂಭವ ಶೇ 16ರಷ್ಟು ಹೆಚ್ಚು ಕಂಡುಬಂತು. ಸಾವನ್ನು ಮುಂಗಾಣುವುದರಲ್ಲಿ ರಕ್ತದೊತ್ತಡದ ಅಂಕಿಗಿಂತ ಹಿಡಿತದ ಅಂಕಿಯೇ ಮುಂದಿತ್ತು. ಇದನ್ನು ಎಚ್ಚರದಿಂದ ಓದಬೇಕು. ಕೈಹಿಡಿತ ಇಡೀ ಮೈಯ ಸ್ಥಿತಿಯ ಸೂಚಕ, ಅಷ್ಟೆ. ಸ್ಪಂಜಿನ ಚೆಂಡು ಹಿಸುಕಿ ಹಿಡಿತ ಗಟ್ಟಿ ಮಾಡಿಕೊಂಡರೆ ಆಯುಷ್ಯ ಬೆಳೆಯುತ್ತದೆಂದು ಯಾರೂ ತೋರಿಸಿಲ್ಲ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ನಾಯು ಬಲಪಡಿಸುವ ವ್ಯಾಯಾಮ ಮಾಡುವವರಲ್ಲಿ ಅಕಾಲ ಮರಣ, ಹೃದ್ರೋಗ, ಕ್ಯಾನ್ಸರ್, ಮಧುಮೇಹದ ಸಂಭವ ಶೇ 10ರಿಂದ 17ರಷ್ಟು ಕಡಿಮೆ ಇತ್ತು. ಹೆಚ್ಚಿನ ಲಾಭ ಕಂಡದ್ದು ವಾರಕ್ಕೆ ಒಟ್ಟು 30ರಿಂದ 60 ನಿಮಿಷ ಮಾಡಿದವರಲ್ಲಿ. ಇವು ಗಮನಿಸಿ ನೋಡಿದ ಅಧ್ಯಯನಗಳು, ಪ್ರಯೋಗಗಳಲ್ಲ; ಭಾರ ಎತ್ತುವವರು ಬೇರೆ ರೀತಿಯಲ್ಲೂ ಆರೋಗ್ಯವಂತರಾಗಿರಬಹುದು. ನನ್ನ ಮಟ್ಟಿಗೆ ಬಲವಾದ ಸಾಕ್ಷಿ ಇರುವುದು ಆಯುಷ್ಯದ ಲೆಕ್ಕದಲ್ಲಲ್ಲ, ಬಾಸ್ಟನ್ನಿನ ವೃದ್ಧಾಶ್ರಮದಲ್ಲಿ. ಎಷ್ಟು ವರ್ಷ ಬದುಕುತ್ತೇವೆ ಎಂಬುದಕ್ಕಿಂತ, ಬಚ್ಚಲಿಗೆ ಇನ್ನೊಬ್ಬರ ಕೈ ಹಿಡಿಯದೆ ಹೋಗಿಬರುತ್ತೇವೆಯೇ ಎಂಬುದು ಎಂಬತ್ತರ ನಂತರದ ದೊಡ್ಡ ಪ್ರಶ್ನೆ.

ನಮ್ಮ ಮನೆಗಳಲ್ಲಿ ಹಿರಿಯರ ಮೇಲಿನ ಪ್ರೀತಿ ಅವರ ಕೈಯಿಂದ ಕೆಲಸ ಕಸಿದುಕೊಳ್ಳುವ ರೂಪ ತಾಳುತ್ತದೆ. 'ಅಜ್ಜಿ, ನೀವು ಕೂತ್ಕೊಳ್ಳಿ, ನಾನು ತರ್ತೀನಿ' ಎಂದು ಕೊಡವನ್ನೂ ಚೀಲವನ್ನೂ ಅವರಿಂದ ತೆಗೆದುಕೊಳ್ಳುತ್ತೇವೆ. ಆ ಪ್ರೀತಿಯನ್ನು ಇನ್ನೊಂದು ರೀತಿಯಲ್ಲಿ ತೋರಿಸಿ ಎಂದು ಓದುಗರಲ್ಲಿ ನನ್ನ ವಿನಂತಿ. ಮುಂದಿನ ಸಲ ಅವರನ್ನು ವೈದ್ಯರ ಬಳಿ ಕರೆದೊಯ್ದಾಗ, ಮಾತ್ರೆಯ ಚೀಟಿ ಕೈಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಇವರಿಗೆ ಭಾರದ ವ್ಯಾಯಾಮ ಶುರು ಮಾಡಬಹುದೇ, ಎಷ್ಟು ತೂಕದಿಂದ, ಯಾವ ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ? ರಕ್ತದೊತ್ತಡ ಹತೋಟಿಯಲ್ಲಿರಲಿ, ಉಸಿರು ಕಟ್ಟದೆ ಎತ್ತಲಿ, ಮೊದಲ ದಿನಗಳಲ್ಲಿ ಪಕ್ಕದಲ್ಲೊಬ್ಬರು ನಿಂತಿರಲಿ. ಬಾರ್ಬೆಲ್ಲೇ ಬೇಕೆಂದಿಲ್ಲ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ವಾರಕ್ಕೆ ಎರಡು ಮೂರು ದಿನ ಮಾಡಿಸಿ, ಅದು ಸುಲಭವಾದಾಗ ಕೈಗೊಂದು ನೀರಿನ ಬಾಟಲಿ ಕೊಡಿ, ಆಮೇಲೆ ತೂಕ ಏರಿಸಿ. ನಿಲ್ಲಿಸಬೇಡಿ.